ಮಾಲೆ ತಿಂದ ಕವಿ

ಅಮೆರಿಕಾದ ಫಾಸ್ಟರ್ ಸಿಟಿಯ ಲಗೂನಿನಲ್ಲಿ, ಊರೊಳಗಿನ ಆ ಕೆರೆಯಲ್ಲಿ, ಒಬ್ಬ ಮುದುಕ ಮುಳುಗಿದ. ಮೇಲೆ ಬರಲಿಲ್ಲ.

ಎಷ್ಟು ಹೊತ್ತು ಬರಲಿಲ್ಲ ಅನ್ನುವುದರ ಬಗ್ಗೆ ಅಲ್ಲಿ ಇನ್ನೂ ಒಮ್ಮತವಿಲ್ಲ. ದಡದಲ್ಲಿ ನಾಯಿ ಓಡಾಡಿಸುತ್ತಿದ್ದ ಬಿಳಿ ಹೆಂಗಸು, ತನ್ನ ನಾಯಿ ಒಂದು ನಿದ್ದೆ ಮಾಡಿ ಎದ್ದಿತು ಅನ್ನುತ್ತಾಳೆ. ಎದುರು ಕಾಂಡೋದ ಪಂಜಾಬಿ, ತನ್ನದೊಂದು ಇಡೀ ಮೀಟಿಂಗು ಮುಗಿಯಿತು ಅನ್ನುತ್ತಾನೆ. ಮೀಟಿಂಗಿನಲ್ಲಿ ಅವನು ಕಿಟಕಿಯಾಚೆ ನೋಡುವುದು ಬಿಟ್ಟು ಬೇರೇನೂ ಮಾಡಿರಲಿಲ್ಲವಾದ್ದರಿಂದ ಆ ಮಾತನ್ನು ನಂಬಬಹುದು. ಊಟದ ಡಬ್ಬಿ ತಂದಿದ್ದ ಬಂಗಾರೆವ್ವ ಸುಳ್ಳು ಹೇಳುವವಳಲ್ಲ. ಅವಳು ವ್ಯಾನು ನಿಲ್ಲಿಸಿ, ಮೀನುಸಾರಿನ ಡಬ್ಬಿ ಇಳಿಸಿ, ಡಬ್ಬಿ ಸೋರಿದೆಯಾ ಅಂತ ನೋಡಿ, ಸೋರಿದ್ದನ್ನು ಒರೆಸಿ, ಒರೆಸಿದ ಬಟ್ಟೆ ಹಿಂಡಿ, ಸೋರಿದ್ದಕ್ಕೆ ಅಡುಗೆಯ ಜೊತೆಗಾತಿ ಜರೀನಾಳಿಗೆ ಫೋನಿನಲ್ಲಿ ಬೈದು ದಡಕ್ಕೆ ಬಂದಾಗಲೂ ನೀರು ಸುಮ್ಮನೇ ಇತ್ತು.

ದಡದಲ್ಲಿ ಒಂದು ಜೊತೆ ಹವಾಯಿ ಚಪ್ಪಲಿ. ಮಡಿಸಿಟ್ಟ ಕುರ್ತಾ. ಅದರ ಮೇಲೆ ಕನ್ನಡಕ. ಇಬ್ಬರು ಪೊಲೀಸರು ಬಂದಿದ್ದರು. ಒಬ್ಬ ಬೂಟು ಬಿಚ್ಚುತ್ತಿದ್ದ.

ನೀರು ಗುಳುಗುಳು ಅಂದಿತು. ಮೊದಲು ಒಂದು ಕೈ ಬಂತು. ಕೈಯಲ್ಲಿ ಲ್ಯಾಪ್‌ಟಾಪು. ಯಾವನೋ ಕೆಲಸ ಕಳೆದುಕೊಂಡ ದಿನ ಎಸೆದಿದ್ದಿರಬೇಕು, ಕಂಪನಿಯ ಸ್ಟಿಕರ್ ಇನ್ನೂ ಅಂಟಿಕೊಂಡಿತ್ತು. ಆಮೇಲೆ ಬೋಳು ತಲೆ ಬಂತು, ಬಿಳಿ ಮೀಸೆ ಬಂತು, ಸೊಂಟಕ್ಕೆ ಕಚ್ಚೆ ಹಾಕಿದ ಲುಂಗಿ ಬಂತು. ಮುದುಕ ಲ್ಯಾಪ್‌ಟಾಪನ್ನು ಪೊಲೀಸರ ಕೈಗೆ ಕೊಟ್ಟ. ಕೆಮ್ಮಲಿಲ್ಲ, ಏದುಸಿರೂ ಬಿಡಲಿಲ್ಲ.

"ಸರ್, ಆರ್ ಯೂ ಓಕೆ?" ಅಂದ ಪೊಲೀಸು.

"ತಳ ಚೆನ್ನಾಗಿಲ್ಲ," ಅಂದ ಮುದುಕ ಹಿಂದಿಯಲ್ಲಿ.

ಬಂಗಾರೆವ್ವನಿಗೆ ಅರ್ಥವಾಯಿತು. ಕಲಬುರ್ಗಿ ಗಂಜಿನ ಮಾರುಕಟ್ಟೆಯಲ್ಲಿ ಕಲಿತ ಹಿಂದಿ ಅವಳದು, ಅಲ್ಲಿ ಯಾವ ಹಿಂದಿಯಾದರೂ ನಡೆಯುತ್ತದೆ. "ಹೀ ಸೇಸ್ ಬಾಟಮ್ ನಾಟ್ ಗುಡ್," ಅಂತ ಪೊಲೀಸರಿಗೆ ತಿಳಿಸಿದಳು. ಪೊಲೀಸರು ಲಗೂನನ್ನು ನೋಡಿದರು. ಆ ದೂರನ್ನು ಯಾರಿಗೆ ದಾಟಿಸಬೇಕೆಂದು ಅವರಿಗೆ ಹೊಳೆಯಲಿಲ್ಲ. ಹೊರಟುಹೋದರು.

"ಏನ್ ಹುಡುಕಲಾಕತ್ತಿದ್ರಿ ಕಾಕಾ?" ಅವಳು ಕೇಳಿದ್ದು ಹಿಂದಿಯಲ್ಲಿ, ಅವನು ಹೇಳಿದ್ದೂ ಹಿಂದಿಯಲ್ಲಿ. ಇಲ್ಲಿ ಕನ್ನಡದಲ್ಲೇ ಹೇಳಿಬಿಟ್ಟರೆ ಎಲ್ಲರಿಗೂ ಅನುಕೂಲ.

"ಏನೂ ಇಲ್ಲ ತಂಗಿ. ನೀರು ನೋಡಿದ್ರೆ ಕಾಲು ಕೇಳೋದಿಲ್ಲ. ನೀನು ಯಾರು?"

"ಮೀನುಸಾರು ತಂದಾಕಿ. ನಾವೂ ನೀರಿನ ಮಂದೀನೇ. ಅಂಬಿಗರು. ನಮ್ಮಪ್ಪ ಭೀಮಾ ನದಿಯಾಗ ಹರಗೋಲು ಹಾಕ್ತಿದ್ದ."

ಮುದುಕ ಕನ್ನಡಕ ಹಾಕಿಕೊಂಡು ಅವಳನ್ನು ಸರಿಯಾಗಿ ನೋಡಿದ. "ಅಮೆರಿಕಾಕ್ಕೆ ಬಂದು ಇಷ್ಟು ದಿನಕ್ಕೆ ಒಬ್ಬರು ಸಿಕ್ಕರು ನೋಡು," ಅಂದ.

ಆ ಮುದುಕನ ಹೆಸರು ಫೇಕನ್ ಮುಖಿಯಾ. ಹಿಂದಿ ಮತ್ತು ಮೈಥಿಲಿ ಕವಿ. ಮಗಳು ನಿರುಪಮಾ ಅಲ್ಲೇ ಫಾಸ್ಟರ್ ಸಿಟಿಯ ಔಷಧದ ಕಂಪನಿಯಲ್ಲಿ ವಿಜ್ಞಾನಿ. ಅಪ್ಪನನ್ನು ಆರು ತಿಂಗಳ ವೀಸಾದಲ್ಲಿ ಕರೆಸಿಕೊಂಡಿದ್ದಳು. ಅವಳಿಗೆ ಮೀನು ಮಾಡಲು ಬರುತ್ತಿರಲಿಲ್ಲ, ಅಪ್ಪನಿಗೆ ಮೀನಿಲ್ಲದೆ ಕವಿತೆ ಬರುತ್ತಿರಲಿಲ್ಲ. ಹಾಗಾಗಿ ಬಂಗಾರೆವ್ವನ ಡಬ್ಬಿ.

ಬಂಗಾರೆವ್ವ ಮತ್ತು ಜರೀನಾ ಸನ್ನಿವೇಲಿನಲ್ಲಿ ಬಾಡಿಗೆ ಕಿಚನ್ನು ಇಟ್ಟುಕೊಂಡವರು. ಇಬ್ಬರೂ ಕಲಬುರ್ಗಿಯವರು, ಇಬ್ಬರಿಗೂ ಐವತ್ತು ದಾಟಿದೆ, ಇಬ್ಬರದೂ ಮೊಣಕಾಲು ಹೋಗಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಸಿಮೆಂಟು ನೆಲದ ಮೇಲೆ ನಿಲ್ಲಬೇಕು. ರೊಟ್ಟಿ ಬಡಿದು ಬಡಿದು ಬಂಗಾರೆವ್ವನ ಬಲಗೈ ಎಡಗೈಗಿಂತ ದಪ್ಪಗಾಗಿತ್ತು. ಆ ಕೈಯಿಂದ ಅವಳು ಒಮ್ಮೆ ಫ್ರೀವೇಯಲ್ಲಿ ಕೆಟ್ಟು ನಿಂತ ವ್ಯಾನನ್ನು ಒಬ್ಬಳೇ ಎಕ್ಸಿಟ್ಟಿನವರೆಗೆ ತಳ್ಳಿದಳು ಅಂತ ಜರೀನಾ ಹೇಳುತ್ತಾಳೆ. ಜರೀನಾ ಆಗ ವ್ಯಾನಿನ ಒಳಗೆ ಕೂತಿದ್ದಳು.

ಆ ಕಿಚನ್ನಿಗೆ ಒಂದೇ ಕಾನೂನು: ಉಪ್ಪು, ಖಾರ, ಒಗ್ಗರಣೆ ಕಾಣದೆ ಯಾವ ಪದಾರ್ಥವೂ ಬಾಗಿಲು ದಾಟಕೂಡದು.

ಡಬ್ಬಿ ಕೊಡಲು ಹೋದಾಗೆಲ್ಲ ಬಂಗಾರೆವ್ವ ಸ್ವಲ್ಪ ಹೊತ್ತು ಕೂರುವಳು. ಕವಿ ಮುಳ್ಳು ಬಿಡಿಸುತ್ತ ತನ್ನ ಕತೆ ಹೇಳುವನು. ಎಡಗಿವಿ ಅವನಿಗೆ ಕೇಳುತ್ತಲೇ ಇರಲಿಲ್ಲ, ಬೇಡದ ಮಾತಿಗೆ ಆ ಕಿವಿ ಕೊಡುತ್ತಿದ್ದ.

ಬಿಹಾರದ ಮಿಥಿಲೆ ಸೀಮೆ, ದರಭಂಗಾದ ಹತ್ತಿರ ಮಲ್ಲಾಹರ ಕೇರಿ. ಮಲ್ಲಾಹರೆಂದರೆ ಮೀನು ಹಿಡಿಯುವವರು, ಮಖಾನಾ ತೆಗೆಯುವವರು. ಮಖಾನಾ ಅಂದರೆ ನಮ್ಮ ಕಡೆ ತಾವರೆ ಬೀಜದ ಅರಳು ಅನ್ನುತ್ತಾರಲ್ಲ, ಅದೇ. ಅದರ ಎಲೆಗೆ ಮುಳ್ಳು. ದಂಟಿಗೆ ಮುಳ್ಳು. ಹಣ್ಣಿಗೂ ಮುಳ್ಳು. ಹಣ್ಣು ಒಡೆದು ಬೀಜ ಕೆರೆಯ ತಳಕ್ಕೆ ಇಳಿಯುತ್ತದೆ. ಮನುಷ್ಯನೂ ಇಳಿಯಬೇಕು. ಉಸಿರು ಹಿಡಿ. ಕಣ್ಣು ಮುಚ್ಚು. ಕೆಸರನ್ನು ಕೈಯಿಂದ ಗುಡಿಸು. ಬುಟ್ಟಿಗೆ ಎಳೆ. ಮೇಲೆ ಬಾ. ಮತ್ತೆ ಹೋಗು. ಕಿವಿಯಲ್ಲಿ ಕೀವು. ಬೆರಳ ಸಂದಿಯಲ್ಲಿ ಹುಣ್ಣು. ಕೆರೆ ಜಮೀನ್ದಾರ ಬಾಬುಗಳದು, ಬೀಜವೂ ಬಾಬುಗಳದು, ಕೀವು ಮಾತ್ರ ಮಲ್ಲಾಹರದು.

ಹೆಂಗಸರ ಕೆಲಸ ಬೆಂಕಿಯ ಮುಂದೆ. ಹುರಿದ ಬೀಜವನ್ನು ಬಾಣಲೆಯಿಂದ ಬರಿಗೈಯಲ್ಲಿ ತೆಗೆದು, ಆರುವ ಮುಂಚೆ ಹಲಗೆಯ ಮೇಲಿಟ್ಟು ಕೊಡತಿಯಿಂದ ಒಂದೇಟು. ಕರಿ ಬೀಜ ಸಿಡಿದು ಬಿಳಿ ಅರಳಾಗುತ್ತದೆ. ಫೇಕನ್‌ನ ಅವ್ವನ ಬೆರಳುಗಳಲ್ಲಿ ಗೆರೆಗಳೇ ಇರಲಿಲ್ಲ. ಎಲ್ಲ ಬೆಂದುಹೋಗಿದ್ದವು. ಹೆಬ್ಬೆಟ್ಟು ಒತ್ತಿದರೆ ಕಾಗದದ ಮೇಲೆ ಬರೀ ಮಸಿ.

ಫೇಕನ್ ಪಟ್ನಾಕ್ಕೆ ಓಡಿಹೋದ. ಅಚ್ಚುಕೂಟದಲ್ಲಿ ಕಾಗದದ ಹೊರೆ ಹೊತ್ತ. ಹೊರೆ ಹೊರುತ್ತಲೇ ಅಕ್ಷರ ಕಲಿತ. ಒಮ್ಮೆ ಹಿಂದಿ ಪತ್ರಿಕೆಯ ಸಂಪಾದಕರ ಸ್ವಂತ ಕವಿತೆಯ ಮೇಲೆ ಚಹಾ ಚೆಲ್ಲಿತು. ಯಾರು ಚೆಲ್ಲಿದರು ಅಂತ ಯಾರೂ ಕೇಳಲಿಲ್ಲ. ಪುಟ ಖಾಲಿ ಬಿತ್ತು. ಆ ಜಾಗಕ್ಕೆ ಸರಿಯಾಗಿ ಕೂರುವಂಥ ಒಂದು ಕವಿತೆ ಫೇಕನ್‌ನ ಅಂಗಿಯ ಜೇಬಿನಲ್ಲಿ ಹೇಗೋ ಇತ್ತು. ಅಚ್ಚಾಯಿತು. ಓದುಗರು ಕಾಗದ ಬರೆದರು. ಸಂಪಾದಕರು ಹೊಗಳಿಕೆಯನ್ನೆಲ್ಲ ತಾವೇ ತಗೊಂಡು, ಇನ್ನೊಂದು ಕವಿತೆ ಕೇಳಿದರು. ಹಾಗೆ ಹಿಂದಿ ಕವಿಯಾದ. ಪುಸ್ತಕಗಳು ಬಂದವು, ಪ್ರಶಸ್ತಿ ಬಂತು, ಮಗಳು ಓದಿದಳು.

ಮೈಥಿಲಿಯಲ್ಲಿ ಬರೆದದ್ದು ಮಾತ್ರ ಕಳಿಸಿದ ದಾರಿಯಲ್ಲೇ ವಾಪಸು ಬರುತ್ತಿತ್ತು. ಇದು ಮೈಥಿಲಿ ಅಲ್ಲ, ಕೇರಿಯ ಬಡಬಡಿಕೆ ಅಂದರು. ನಿಮ್ಮ ಹಿಂದಿ ಚೆನ್ನಾಗಿದೆ, ಅದನ್ನೇ ಬರೆಯಿರಿ ಅಂದರು. ಹಿಂದಿಯವರು ಅವನನ್ನು ಮೈಥಿಲಿ ಕವಿ ಅಂದರು. ಮೈಥಿಲಿಯವರು ಹಿಂದಿ ಕವಿ ಅಂದರು. ಹೆಂಡತಿ ಇರುವ ತನಕ ಕೆಲಸವಿಲ್ಲದವ ಅಂದಳು.

"ಅವ್ವನ ಮೇಲೆ ಒಂದು ಕವಿತೆ ಇದೆ," ಅಂದ ಕವಿ ಒಂದು ದಿನ. "ಅವ್ವನ ಮಾತಲ್ಲೇ ಇದೆ. ಅದನ್ನ ಮೈಥಿಲರ ಸಭೇಲಿ ನಿಂತು ಓದಬೇಕು. ಒಂದು ಸಲ. ಆಮೇಲೆ ಯಾವ ನೀರಲ್ಲಿ ಮುಳುಗಿದ್ರೂ ಚಿಂತೆಯಿಲ್ಲ."

ಅದೇ ಮಾತಿಗೆ ಕಾದಿದ್ದಂತೆ ಬಾಗಿಲ ಗಂಟೆ ಸದ್ದಾಯಿತು.

ನಿರುಪಮಾ ಹೋಗಿ ಬಾಗಿಲು ತೆಗೆದಳು. ಬಂದವನು ಅನುರಾಗ್ ಝಾ. ಸನ್ನಿವೇಲಿನಲ್ಲಿ ಕಂಪ್ಯೂಟರ್ ಚಿಪ್ಪಿನ ಕಂಪನಿಯೊಂದರಲ್ಲಿ ಡೈರೆಕ್ಟರು, ಬೇ ಏರಿಯಾ ಮಿಥಿಲಾ ಮಂಡಳಿಯ ಅಧ್ಯಕ್ಷ. ನಿರುಪಮಾಳ ಆಫೀಸಿನ ಬಾಸು ಅವನ ಟೆನಿಸ್ ಗೆಳೆಯ. ಕವಿಗೆ ದೂರದಿಂದಲೇ ಕೈ ಮುಗಿದ. ಮಂಡಳಿಯ ಕವಿಗೋಷ್ಠಿ ಇದೆ, ಇಲ್ಲೇ ಲಗೂನಿನ ಪಕ್ಕದ ಕಮ್ಯೂನಿಟಿ ಹಾಲಿನಲ್ಲಿ, ನೀವು ಬರಲೇಬೇಕು ಅಂದ.

"ನೀವು ನಮ್ಮ ಪ್ರೈಡು ಮುಖಿಯಾಜೀ. ಲಂಚಿಗೆ ಮುಂಚೆ ಹಿಂದಿ ಸೆಷನ್ನು. ನಿಮಗೇ ಕೊನೇ ಸ್ಲಾಟು."

"ಮೈಥಿಲೀದು ಒಂದು ಓದ್ತೀನಿ. ಚಿಕ್ಕದು."

ಝಾ ಮುಗುಳ್ನಕ್ಕ. "ಮೈಥಿಲಿ ಸೆಷನ್ನು ಬೇರೆ. ಅಲ್ಲಿ ಒಂದು ಪ್ರೋಟೋಕಾಲ್ ಇದೆ. ಪಾಗ್ ಹಾಕ್ಕೊಂಡೇ ಓದ್ಬೇಕು."

ಪಾಗ್ ಅಂದರೆ ಮಿಥಿಲೆಯ ಮಾನದ ಟೋಪಿ. ಬೋರಲು ಹಾಕಿದ ದೋಣಿಯ ಹಾಗಿರುತ್ತದೆ. ಮೇಲಿನ ಜಾತಿಯ ತಲೆಗಳ ಮೇಲೆಯೇ ಅದು ತಲೆತಲಾಂತರದಿಂದ ಕೂತುಬಂದದ್ದು.

"ಹಾಕಿ ಮತ್ತೆ," ಅಂದ ಕವಿ ತಲೆ ಬಗ್ಗಿಸಿ.

ಝಾ ಬೋಳು ತಲೆಯನ್ನು ನೋಡಿದ. ನಿರುಪಮಾಳನ್ನು ನೋಡಿದ. "ನೋಡಿ, ಪರ್ಸನಲಿ ನಾನು ಇದೆಲ್ಲ ನಂಬಲ್ಲ. ನನ್ನ ಟೀಮಲ್ಲಿ ಎಲ್ಲಾ ಥರದವರೂ ಇದ್ದಾರೆ. ಆದ್ರೆ ಹಿರಿಯರು ಬರ್ತಾರೆ, ಅವರ ಸೆಂಟಿಮೆಂಟು ಇರುತ್ತೆ. ನಿಮಗೆ ಮಖಾನಾ ಮಾಲೆ ಹಾಕ್ತೀವಿ. ಎಲ್ಲರಿಗಿಂತ ದೊಡ್ಡದು. ಮತ್ತೆ ನಿಮ್ಮ ಮೈಥಿಲಿ ಸ್ವಲ್ಪ ಫೋಕ್ ಅಲ್ವಾ? ಮುಂದಿನ ವರ್ಷ ಫೋಕ್ ಸೆಷನ್ ಮಾಡೋಣ."

ಕವಿ ನಿಧಾನವಾಗಿ ಎಡಗಿವಿ ತಿರುಗಿಸಿದ.

"ಪಪ್ಪಾ, ಪ್ಲೀಸ್," ಅಂದಳು ನಿರುಪಮಾ. ಅಷ್ಟೇ ಅಂದಳು. ಕಣ್ಣೆತ್ತಲಿಲ್ಲ.

ಝಾ ಆಮೇಲೆ ಬಂಗಾರೆವ್ವನ ಕಡೆ ತಿರುಗಿದ. ಅಲ್ಲಿಯವರೆಗೆ ಅವಳು ಅವನ ಪಾಲಿಗೆ ಕುರ್ಚಿಯ ಹಾಗಿದ್ದಳು. ಅವಳ ಡಬ್ಬಿಯ ವಾಸನೆ ಅವನಿಗೆ ಹಿಡಿಸಿತ್ತು. ಕೇಟರಿಂಗು ನೀವೇ ಮಾಡಿ ಅಂದ. ಮೀನು, ಅನ್ನ, ಮಖಾನಾ ಪಾಯಸ. ಮೈಥಿಲರಿಗೆ ಮೀನು ಶುಭ. ಮೀನನ್ನು ತಿನ್ನಲು ಅಡ್ಡಿಯಿಲ್ಲ, ಹಿಡಿದವನು ಓದುವುದಕ್ಕೆ ಮಾತ್ರ ಅಡ್ಡಿ. ಮಖಾನಾ ಮಾಲೆಗಳನ್ನೂ ನೀವೇ ಪೋಣಿಸಿ ತನ್ನಿ ಅಂದ. "ಲಂಚು ಶಾರ್ಪ್ ಒಂದು ಗಂಟೆಗೆ. ನೋ ಡಿಲೇ."

ಅವನು ಹೋದ ಮೇಲೆ ಕವಿ ಹೇಳಿದ: "ಇಲ್ಲಿ ಅಂಗಡೀಲಿ ಮಖಾನಾ ಪೊಟ್ಟಣ ನೋಡಿದೆ ತಂಗಿ. ಮೇಲೆ ಏನೋ ಬರೆದಿತ್ತು. ಮಗಳು ಓದಿ ಹೇಳಿದಳು, 'ಗಿಲ್ಟ್ ಫ್ರೀ' ಅಂತ. ತಿಂದ್ರೆ ಪಾಪ ಇಲ್ಲವಂತೆ. ಯಾರಿಗೆ ಪಾಪ ಇಲ್ಲ ಅಂತ ಕೇಳಿದೆ. ಅದು ಬರೆದಿಲ್ಲ ಅಂದಳು."

ಬಂಗಾರೆವ್ವ ನಗುತ್ತ ವ್ಯಾನು ಹತ್ತಿದಳು. ಸನ್ನಿವೇಲು ಬರುವಷ್ಟರಲ್ಲಿ ನಗು ಹೋಗಿ ಹಲ್ಲು ಕಚ್ಚುತ್ತಿದ್ದಳು.

ಅವಳಿಗೂ ಒಂದು ಹಳೆಯ ಮುಳ್ಳು ಇತ್ತು. ಕ್ಯುಪರ್ಟಿನೋದ ಒಂದು ಕನ್ನಡದ ಮನೆಯವರು ಪೂಜೆಗೆ ಹೋಳಿಗೆ ಹೇಳಿದ್ದರು. ಮಾತಿಗೆ ಮಾತು ಬಂದು, ನೀವು ಯಾವ ಕಡೆಯವರು, ಯಾವ ಜನ ಅಂತ ಮನೆಯಾಕೆ ನಗುನಗುತ್ತಲೇ ಕೇಳಿದಳು. ಅಂಬಿಗರು ಅಂದಳು ಬಂಗಾರೆವ್ವ. ಸಂಜೆ ಮೆಸೇಜು ಬಂತು: ಬೇರೆ ಅರೇಂಜ್‌ಮೆಂಟ್ ಆಗಿದೆ. ಕೆಳಗೆ ಕೈ ಮುಗಿದ ಚಿತ್ರ. ಹೂರಣ ಅಷ್ಟೊತ್ತಿಗೆ ರುಬ್ಬಿಯಾಗಿತ್ತು. ಅವಳು ಹೂರಣ ಕದಡುತ್ತ ನಿಂತಳು. ಆ ವಾರವೆಲ್ಲ ಅವಳೂ ಜರೀನಾಳೂ ಮೂರು ಹೊತ್ತೂ ಹೋಳಿಗೆ ತಿಂದರು. ಈಗಲೂ ಬೆಲ್ಲದ ವಾಸನೆ ಬಂದರೆ ಅವಳಿಗೆ ಸಿಟ್ಟು ಬರುತ್ತದೆ.

ಗೋಷ್ಠಿಯ ದಿನ ಬೆಳಿಗ್ಗೆ ಕಿಚನ್ನಿನಲ್ಲಿ ಒಲೆಗಳೆಲ್ಲ ಉರಿಯುತ್ತಿದ್ದವು. ಬಂಗಾರೆವ್ವ ದಪ್ಪ ದಪ್ಪ ಮಖಾನಾ ಆರಿಸಿ, ನೂಲಿನಲ್ಲಿ ಪೋಣಿಸಿ, ಮಾಲೆಗಳನ್ನು ಪರಾತದಲ್ಲಿಟ್ಟು ಮೀನು ತೊಳೆಯಲು ಹೋದಳು. ಬರುವಾಗ ಘಮ್ಮೆಂದು ವಾಸನೆ. ತುಪ್ಪ, ಬೆಳ್ಳುಳ್ಳಿ, ಬ್ಯಾಡಗಿ ಖಾರ. ಜರೀನಾ ದೊಡ್ಡ ಕಡಾಯಿಯಲ್ಲಿ ಜಾರಿ ಸೌಟಿನಿಂದ ಏನನ್ನೋ ತಿರುವುತ್ತಿದ್ದಳು. ಕಡಾಯಿಯಲ್ಲಿ ಮಾಲೆಗಳು.

"ಜರೀನಾ! ಏನ್ ಮಾಡ್ಲಾಕತ್ತೀ?"

"ಒಗ್ಗರಣಿ ಅಕ್ಕಾ. ಸಪ್ಪನ್ನವು ಇಟ್ಟು ಹೋಗೀಯಲ್ಲ, ಮರತಿ ಅನ್ಕೊಂಡೆ."

"ಅವು ಕೊಳ್ಳಿಗಿ ಹಾಕೋ ಮಾಲಿ!"

ಜರೀನಾ ಜಾರಿ ಎತ್ತಿ ಹಿಡಿದಳು. ಕೆಂಪಗೆ ಮಿರಮಿರ ಮಿಂಚುವ ಒಂದು ಮಾಲೆ ಅದರಲ್ಲಿ ತೂಗಾಡಿತು. "ಯಾ ಅಲ್ಲಾ! ತಿನ್ನೋ ಸಾಮಾನು ಕೊಳ್ಳಿಗಿ ಯಾಕ ಹಾಕ್ತಾರ? ಬಿಹಾರದಾಗ ಹಿಂಗ ಪೋಣಿಸಿ ತಿಂತಾರ ಅನ್ಕೊಂಡೆ ನಾ. ಕೈಗಿ ಎಣ್ಣಿ ಹತ್ತಂಗಿಲ್ಲ, ಶಾಣ್ಯಾ ಮಂದಿ ಅನ್ಕೊಂಡೆ!"

ಬಂಗಾರೆವ್ವ ಬೈಯಲು ಬಾಯಿ ತೆಗೆದಳು. ನಗು ಬಂತು. ನಕ್ಕು ನಕ್ಕು ಈರುಳ್ಳಿ ಚೀಲದ ಮೇಲೆ ಕುಸಿದಳು. ಬೇರೆ ಮಖಾನಾ ಇರಲಿಲ್ಲ, ಉಳಿದದ್ದೆಲ್ಲ ಪಾಯಸಕ್ಕೆ ಬಿದ್ದಾಗಿತ್ತು. ಹೊತ್ತೂ ಇರಲಿಲ್ಲ.

"ಈಗೇನ್ ಮಾಡೋದಕ್ಕಾ?"

"ಉಪ್ಪು ಹಾಕೀಯೇನು?"

"ಹಾಕೀನಿ."

"ನಡಿ ಮತ್ತ."

ಹಾಲಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ವೇದಿಕೆಯ ಹಿಂದೆ ಮೀನು, ಕಮಲ ಬರೆದ ಪರದೆ. ಕಿಟಕಿಯಾಚೆ ಲಗೂನು. ದರಭಂಗಾದಿಂದ ಸೂಟ್‌ಕೇಸಿನಲ್ಲಿ ಬಂದ ಪಾಗ್‌ಗಳನ್ನು ಮೈಥಿಲಿ ಕವಿಗಳಿಗೆ ತೊಡಿಸಿದರು. ಝಾ ತಾನೂ ಒಂದು ತೊಟ್ಟುಕೊಂಡ. ಆಮೇಲೆ ಮಾಲೆ ಹಾಕಿದರು. ಮಾಲೆ ಕೆಂಪಗಿದ್ದದ್ದನ್ನು ಕಂಡು ಒಬ್ಬಾಕೆ, "ಓ, ಕಲರ್ ಮಾಡಿದ್ದಾರೆ, ಸೋ ಕ್ರಿಯೇಟಿವ್," ಅಂದಳು.

ಸ್ವಲ್ಪ ಹೊತ್ತಿಗೆ ರೇಷ್ಮೆ ಕುರ್ತಾಗಳ ಎದೆಯ ಮೇಲೆ ತುಪ್ಪ ಇಳಿಯಿತು. ಮೊದಲ ಕವಿ ಸೀನಿದರು. ಎರಡನೆಯವರು ಕೊರಳು ಕೆರೆದುಕೊಳ್ಳುತ್ತಲೇ ಹಿಮಾಲಯದ ಮೇಲೆ ಓದಿದರು. ಮೂರನೆಯವರು ಖಾರ ಹತ್ತಿದ ಬೆರಳಿಂದ ಕಣ್ಣೊರೆಸಿಕೊಂಡು, ವಿರಹದ ಕವಿತೆಯನ್ನು ಧಾರಾಕಾರ ಅಳುತ್ತ ಮುಗಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಆ ಊರಿನಲ್ಲಿ ಅಷ್ಟು ಭಾವುಕವಾದ ವಾಚನ ಹಿಂದೆಂದೂ ಆಗಿರಲಿಲ್ಲವಂತೆ.

ಹಿಂದಿ ಸೆಷನ್ನು ಶುರುವಾಗುವಾಗಲೇ ಊಟದ ಹೊತ್ತು ಮೀರಿತ್ತು. ಕೊನೆಗೆ ಝಾ ಮೈಕು ಹಿಡಿದು, "ಹಿಂದಿಯ ಹಿರಿಯ ಕವಿ, ನಮ್ಮವರೇ ಆದ ಮುಖಿಯಾಜೀ. ಎರಡು ನಿಮಿಷ," ಅಂದ. ಎಲ್ಲಕ್ಕಿಂತ ದೊಡ್ಡ ಮಾಲೆ ಹಾಕಿದ. ಮೊಣಕಾಲ ತನಕ ಬಂತು. ತಲೆ ಬೋಳಾಗಿಯೇ ಉಳಿಯಿತು.

ಬಂಗಾರೆವ್ವ ಹಿಂದಿನ ಬಾಗಿಲಲ್ಲಿ ಊಟದ ಮೇಜಿನ ಹತ್ತಿರ ನಿಂತಿದ್ದಳು. ಹತ್ತಿರವೇ ಜರೀನಾ.

ಕವಿ ಮೈಕಿನ ಮುಂದೆ ನಿಂತ. ಮಾಲೆಯನ್ನು ಮೂಸಿದ. ಒಂದು ಮಖಾನಾ ಬಾಯಿಗಿಟ್ಟ.

ಕರುಂ.

ಸ್ಪೀಕರುಗಳಲ್ಲಿ ಆ ಸದ್ದು ಗೋಡೆ ಬಿರಿದ ಹಾಗೆ ಕೇಳಿಸಿತು. ಕವಿ ಅಗಿದ. ನಿಧಾನವಾಗಿ ನುಂಗಿದ. ಇನ್ನೊಂದು ಬಾಯಿಗಿಟ್ಟ.

ಕರುಂ.

"ಮುಖಿಯಾಜೀ," ಝಾ ಪಿಸುಗುಟ್ಟಿದ, "ಅದು ಸಮ್ಮಾನ."

"ಗೊತ್ತು," ಅಂದ ಕವಿ ಮೈಕಿನಲ್ಲೇ. "ಉಪ್ಪು ಸರಿಯಾಗಿದೆ."

ಮಕ್ಕಳು ಮೊದಲು ನಕ್ಕವು. ಕವಿ ಸಭೆಗೆ ಹೇಳಿದ:

"ಇದನ್ನ ಕೆರೆ ತಳದಿಂದ ತೆಗೆದು ತೆಗೆದು ನನ್ನ ಕಿವಿ ಹೋಯ್ತು. ಇದನ್ನ ಬಡಿದು ಬಡಿದು ನನ್ನವ್ವನ ಬೆರಳು ಹೋಯ್ತು. ಒಂದು ದಿನ ಒಂದು ಮಖಾನಾ ಬಾಯಿಗೆ ಹಾಕ್ಕೊಂಡಿದ್ದಕ್ಕೆ ಬಾಬು ಅವ್ವನ ಬಾಯೊಳಗೆ ಬೆರಳು ಹಾಕಿ ತೆಗೆದ. ನೀವು ಇವತ್ತು ಒಂದು ಬುಟ್ಟಿ ಕೊರಳಿಗೆ ಹಾಕಿದ್ದೀರಿ. ಕೊರಳಿಗೆ ಹಾಕಿದ್ದು ಸಾಕು, ತಿಂತೀನಿ. ಹಿಂದಿ ಓದೋದಿಲ್ಲ. ಹಿಂದಿ ನನಗೆ ಅನ್ನ ಹಾಕಿದೆ, ಅದರ ಮೇಲೆ ಸಿಟ್ಟಿಲ್ಲ. ಆದ್ರೆ ಇವತ್ತು ಅವ್ವನ ಮಾತಲ್ಲಿ ಓದ್ತೀನಿ. ಬಿಡಲ್ಲ ಅಂದ್ರೆ ಮಾಲೆ ಮುಗಿಯೋ ತನಕ ಇಲ್ಲೇ ನಿಂತು ತಿಂತೀನಿ."

ಎಲ್ಲರೂ ಮಾಲೆಯ ಉದ್ದ ನೋಡಿದರು.

ಕರುಂ.

"ಸರ್, ಪ್ರೋಟೋಕಾಲ್—" ಅಂದ ಝಾ. ಕವಿ ಎಡಗಿವಿ ಕೊಟ್ಟ. ಝಾ ಮೈಕು ಆಫ್ ಮಾಡಿದ. ಮೈಕಿಲ್ಲದೆಯೂ ಕರುಂ ಕೇಳುತ್ತಿತ್ತು. ಝಾ ಕೈ ತಟ್ಟಿ ಕೂಗಿದ: "ಫ್ರೆಂಡ್ಸ್, ಲಂಚ್ ಈಸ್ ರೆಡಿ! ಪ್ಲೀಸ್!"

ಕುರ್ಚಿಗಳು ಸರಿದವು. ಜನ ಎದ್ದರು. ಇಡೀ ಸಭೆ ಕವಿಗೆ ಬೆನ್ನು ಹಾಕಿ ಮೀನಿನ ಕಡೆ ಹೊರಟಿತು. ವೇದಿಕೆಯ ಮೇಲೆ ಮುದುಕ ಒಬ್ಬನೇ. ಅಗಿಯುತ್ತಿದ್ದ. ಈಗ ಅವನಿಗೆ ನುಂಗಲು ಆಗುತ್ತಿರಲಿಲ್ಲ. ಬಂಗಾರೆವ್ವನಿಗೆ ಅದು ಅಷ್ಟು ದೂರದಿಂದಲೂ ಕಂಡಿತು.

ಅವಳ ಮೂಗಿಗೆ ಬೆಲ್ಲದ ವಾಸನೆ ಬಂತು. ಮೇಜಿನ ಮೇಲೆ ಪಾಯಸವಿತ್ತು ನಿಜ. ಆದರೆ ಅದಕ್ಕೆ ಹಾಕಿದ್ದು ಸಕ್ಕರೆ.

ಸಾಲಿನ ಮೊದಲಿದ್ದವರು ಕಾಗದದ ತಟ್ಟೆ ಹಿಡಿದು ಮೀನಿನ ಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದರು. ಬಂಗಾರೆವ್ವ ಆ ಮುಚ್ಚಳದ ಮೇಲೆ ತನ್ನ ಬಲಗೈ ಇಟ್ಟಳು. ಆ ಕೈಯಡಿಯಿಂದ ಅದನ್ನು ಎತ್ತುವ ಗಂಡಸು ಬೇ ಏರಿಯಾದಲ್ಲಿ ಇರಲಿಲ್ಲ.

"ಬಡಸಂಗಿಲ್ಲ," ಅಂದಳು.

ಅವಳು ಕನ್ನಡದಲ್ಲೇ ಹೇಳಿದ್ದು. ಎಲ್ಲರಿಗೂ ಅರ್ಥವಾಯಿತು.

ಝಾ ಓಡಿ ಬಂದ. "ವಾಟ್ ಈಸ್ ದಿಸ್? ಸರ್ವ್ ಮಾಡಿ!"

"ಕಾಕಾ ಓದ್ಲಿ. ಓದಿದ ಮ್ಯಾಲ ಊಟ." ಈಗ ಹಿಂದಿಯಲ್ಲಿ, ಗಂಜಿನ ಗಂಟಲಲ್ಲಿ, ಹಾಲಿನ ಮೂಲೆಗೂ ಕೇಳುವ ಹಾಗೆ. "ಮೀನು ಹಿಡಿಯೋರು ಓದಬಾರದು ಅಂದ್ರ ಮೀನು ತಿನ್ನೋದೂ ಬ್ಯಾಡ. ನಾವೂ ಅಂಬಿಗರೇ. ಕೇಳಿಲ್ಲ ನೀವು, ಅದಕ್ಕ ನಾನೇ ಹೇಳ್ಲಾಕತ್ತೀನಿ. ಎಲ್ಲಾ ಡಬ್ಬಿ ವ್ಯಾನಿಗಿ ಹಾಕ್ತೀನಿ."

"ಲಗೂನಿಗೂ ಹಾಕ್ತೀವಿ," ಅಂದಳು ಜರೀನಾ. ಅಷ್ಟು ಹೇಳುವುದು ಯಾರ ಯೋಜನೆಯಲ್ಲೂ ಇರಲಿಲ್ಲ. ಬಂಗಾರೆವ್ವ ಅವಳನ್ನು ತಿರುಗಿ ನೋಡಿದಳು. ಮಾತು ಆಡಿದ ಮೇಲೆ ಹಿಂದೆ ತಗೊಳ್ಳುವ ಹಾಗಿರಲಿಲ್ಲವೆಂದು ಜರೀನಾ ಪಾಯಸದ ಪಾತ್ರೆಯನ್ನು ಕಿಟಕಿಯ ಕಡೆ ಎಳೆದಳು.

"ನಾನು ಪೇ ಮಾಡಿದ್ದೀನಿ!" ಅಂದ ಝಾ.

"ವಾಪಸ್ ತಗೋರಿ. ಹಸಿವಿಗಿ ಅದನ್ನೇ ತಿನ್ರಿ."

ಸಾಲಿನವರು ಮುಚ್ಚಳ ನೋಡಿದರು, ಗಡಿಯಾರ ನೋಡಿದರು. ಆಮೇಲೆ ಕಾವ್ಯಪ್ರೇಮ ಹುಟ್ಟಿತು. ಹುಟ್ಟಿದ್ದು ಹೊಟ್ಟೆಯಲ್ಲಿ. ಸಾಲಿನ ಕೊನೆಯಿಂದ ಒಬ್ಬ, "ಓದಲಿ ಬಿಡ್ರೀ," ಅಂದ. ಮಧ್ಯದಿಂದ ಒಬ್ಬಳು, "ಹೀ ಈಸ್ ಅವರ್ ಓನ್," ಅಂದಳು. ಸಕ್ಕರೆ ಕಾಯಿಲೆಯ ಹಿರಿಯರೊಬ್ಬರು ನಡುಗುವ ದನಿಯಲ್ಲಿ, "ಮಿಥಿಲೆಯ ಮಣ್ಣಿನ ಕವಿ! ಮೀನು ಆರಿಹೋಗುತ್ತೆ!" ಅಂದರು. ನೋಡುನೋಡುತ್ತ ಇಡೀ ಸಭೆಯೇ, "ಓದಲಿ! ಓದಲಿ!" ಅಂತ ತಟ್ಟೆ ಬಡಿಯತೊಡಗಿತು. ಕಾಗದದ ತಟ್ಟೆಗಳಾದ್ದರಿಂದ ಸದ್ದು ಬರಲಿಲ್ಲ. ಆದರೂ ಬಡಿದರು.

ನಿರುಪಮಾ ಮೊದಲ ಸಾಲಿನಲ್ಲಿ ಕೂತೇ ಇದ್ದಳು. ಪಕ್ಕದಲ್ಲಿ ಅವಳ ಬಾಸು, ಝಾನ ಅತಿಥಿಯಾಗಿ. ಅವಳು ಎದ್ದಳು. ವೇದಿಕೆ ಹತ್ತಿದಳು. ಮೈಕು ಆನ್ ಮಾಡಿದಳು. ಅಪ್ಪನ ಮೀಸೆಗೆ ಹತ್ತಿದ್ದ ಖಾರವನ್ನು ತನ್ನ ಸೆರಗಿನಿಂದ ಒರೆಸಿದಳು.

"ಪಪ್ಪಾ, ಪ್ಲೀಸ್," ಅಂದಳು. "ಓದು."

ಝಾನ ಕೈಯಲ್ಲಿ ಉಳಿದಿದ್ದು ಒಂದೇ. "ಪಾಗ್ ಇಲ್ಲದೆ ಮೈಥಿಲಿ—" ಅಂದ.

ವಿರಹದ ಕವಿತೆ ಓದಿದ ಮೂರನೆಯವರಿಗೆ ತಲೆಯೆಲ್ಲ ಬೆವೆತು, ಕೊರಳು ಉರಿದು, ಹೊಟ್ಟೆ ಹಸಿದು ಸಾಕಾಗಿತ್ತು. ತಮ್ಮ ಪಾಗನ್ನೇ ಕಿತ್ತು ವೇದಿಕೆಯತ್ತ ಚಾಚಿದರು. "ತಗೊಳ್ಳಯ್ಯಾ, ನಂದೇ ಹಾಕ್ಕೋ. ಬೇಗ ಓದು!"

ಕವಿ ಪಾಗನ್ನು ಕೈಗೆ ತಗೊಂಡ. ಹಿಂದೆ ಮುಂದೆ ತಿರುಗಿಸಿ ನೋಡಿದ. ಇಡೀ ಬಾಳು ಅದನ್ನು ದೂರದಿಂದ ನೋಡಿದ್ದವನು. ಬಂಗಾರೆವ್ವ ಉಸಿರು ಹಿಡಿದಳು. ಹಾಕಿಕೊಳ್ಳುತ್ತಾನೆ ಅಂದುಕೊಂಡಳು. ಹಾಕಿಕೊಳ್ಳಬ್ಯಾಡ ಅಂತಲೂ ಅಂದುಕೊಂಡಳು.

ಕವಿ ಪಾಗನ್ನು ಅಂಗಾತ ಮಾಡಿದ. ಬೋರಲು ದೋಣಿ ನೆಟ್ಟಗಾಯಿತು. ಮಾಲೆಯ ನೂಲು ಕಿತ್ತು, ಕೆಂಪು ಮಖಾನಾಗಳನ್ನೆಲ್ಲ ಅದರೊಳಗೆ ಸುರಿದ. ಮೇಲೆ ಗೋಪುರವಾಗುವಷ್ಟು ತುಂಬಿತು. ಮೊದಲ ಸಾಲಿಗೆ ಕೊಟ್ಟ.

"ಹಸಿದಿದ್ದೀರಿ. ತಿಂತಾ ಕೇಳಿ. ಪಕ್ಕದವರಿಗೆ ದಾಟಿಸಿ," ಅಂದ. ಓದಿದ.

ಬಂಗಾರೆವ್ವನಿಗೆ ಮೈಥಿಲಿ ಬರುವುದಿಲ್ಲ. ಆದರೆ ಆ ದಿನ ತನಗೆ ತಿಳಿದದ್ದು ಇದು ಅಂತ ಈಗಲೂ ಹೇಳುತ್ತಾಳೆ:

*ಅವ್ವ, ಕೆಸರಿನ ತಳದಲ್ಲಿ ಕಣ್ಣು ಮುಚ್ಚಿಯೇ ನೋಡಬೇಕು,*
*ಬೆರಳುಗಳಿಗೆ ಕಣ್ಣು ಮೂಡುವ ತನಕ.*
*ಬುಟ್ಟಿ ತುಂಬಿ ಮೇಲೆ ಬಂದೆ.*
*ದಡದ ಮೇಲಿದ್ದವನು ಬುಟ್ಟಿ ಕಸಿದ.*
*ತಡಿ, ಅಂದ. ನಿನ್ನ ಉಸಿರಿಗೂ*
*ನನ್ನ ಕೆರೆಯ ನೀರು ತಾಗಿದೆ.*
*ಅದನ್ನೂ ಇಟ್ಟು ಹೋಗು.*
*ಅವ್ವ, ಅದನ್ನು ಇಡಲಿಲ್ಲ.*
*ಹಿಡಿದುಕೊಂಡೇ ಇದ್ದೇನೆ.*
*ಇಗೋ, ಈಗ ಬಿಡುತ್ತೇನೆ.*

ಮುಗಿದ ಮೇಲೆ ಅವನು ಉಸಿರು ಬಿಟ್ಟ. ಕಿಟಕಿಯ ಪರದೆಗಳು ಹಾರಿದವು, ಲಗೂನಿನಲ್ಲಿ ನಿಂತಿದ್ದ ಬಾತುಗಳು ಎದ್ದವು, ಎದುರು ಕಾಂಡೋದ ಪಂಜಾಬಿಯ ಮೀಟಿಂಗು ಕಟ್ಟಾಯಿತು ಅಂತ ಜರೀನಾ ಆಣೆ ಹಾಕಿ ಹೇಳುತ್ತಾಳೆ. ಬಂಗಾರೆವ್ವ ಬಾತುಗಳನ್ನು ಮಾತ್ರ ಒಪ್ಪುತ್ತಾಳೆ.

ಹಾಲಿನಲ್ಲಿ ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಎಲ್ಲರ ಕೈಯಲ್ಲೂ ಖಾರವಿತ್ತು. ಪಾಗ್ ಸಾಲಿನಿಂದ ಸಾಲಿಗೆ ತೇಲುತ್ತ ಹೋಗುತ್ತಿತ್ತು. ಝಾಗಳ ಕೈ ಬಿತ್ತು, ಮಿಶ್ರಾಗಳ ಕೈ ಬಿತ್ತು, ನಿರುಪಮಾಳ ಕೈ ಬಿತ್ತು, ಅವಳ ಬಾಸಿನದೂ ಬಿತ್ತು. ವಿರಹದ ಕವಿ ಎರಡು ಸಲ ಕೈ ಹಾಕಿದರು. ಒಂದು ಪುಟ್ಟ ಹುಡುಗಿ ಮೊಣಕೈ ತನಕ ಕೈ ಬಿಟ್ಟು ತಳ ಗೋರಿದಳು. "ಅಂಕಲ್, ಇಟ್ಸ್ ಸೋ ಸ್ಪೈಸಿ! ಈಸ್ ದೇರ್ ಮೋರ್?"

ಕೊನೆಗೆ ಪಾಗ್ ಅನುರಾಗ್ ಝಾನ ಮುಂದೆ ಬಂದು ನಿಂತಿತು. ತಳದಲ್ಲಿ ಒಂದೇ ಒಂದು ಮಖಾನಾ. ಅವನು ಅದನ್ನು ನೋಡಿದ. ಹಿರಿಯರನ್ನು ನೋಡಿದ. ಹಿರಿಯರು ಬೆರಳು ಚೀಪುತ್ತಿದ್ದರು. ಅವನಿಗೂ ಹಸಿವಾಗಿತ್ತು.

ಕರುಂ.

ಬಂಗಾರೆವ್ವ ಮುಚ್ಚಳದ ಮೇಲಿಂದ ಕೈ ತೆಗೆದಳು. ಮೀನಿನ ಹಬೆ ಮೇಲೆದ್ದಿತು. ಮೊದಲ ತಟ್ಟೆಯನ್ನು ಅವಳೇ ಬಡಿಸಿ, ವೇದಿಕೆಗೆ ಒಯ್ದು, ಕವಿಯ ಕೈಗಿಟ್ಟಳು. ಕವಿ ಅಲ್ಲೇ ಮೈಕಿನ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು ಮುಳ್ಳು ಬಿಡಿಸತೊಡಗಿದ.

"ಹೆಂಗಿತ್ತು ಕಾಕಾ?"

"ತಳ ಚೆನ್ನಾಗಿದೆ," ಅಂದ ಕವಿ.

ಊಟ ಮುಗಿಯಿತು. ಮುಸುರೆಯ ರಾಶಿಯ ಮುಂದೆ ಬಂಗಾರೆವ್ವ, ಜರೀನಾ ಇಬ್ಬರೂ ನಿಂತರು. ಪಾತ್ರೆಗಳ ನಡುವೆ ಆ ಪಾಗ್ ಕೂಡ ಬಂದಿತ್ತು. ಒಳಗೆಲ್ಲ ತುಪ್ಪ, ಖಾರ, ಎಷ್ಟೋ ಬೆರಳುಗಳ ಗುರುತು. ಹೊರಗೆ ಝಾ ಅದಕ್ಕಾಗಿ ಕಾಯುತ್ತಿದ್ದ.

ಜರೀನಾ ಅದನ್ನು ನಲ್ಲಿಯ ಕೆಳಗೆ ಹಿಡಿದಳು. "ತೊಳೀಲೇನಕ್ಕಾ?"

ಬಂಗಾರೆವ್ವ ನಲ್ಲಿ ಬಂದ್ ಮಾಡಿದಳು.

"ಬ್ಯಾಡ," ಅಂದಳು. "ಎಲ್ಲಾರ ಕೈ ಹತ್ಯಾವ. ಹಂಗೇ ಕೊಟ್ಟು ಕಳಸು."